ಶೇಕ್ದಾರರು ನಮ್ಮ ಮನೆಯಲ್ಲಿ ಉಂಡ ದಿನ

ನಮ್ಮದು ಒಂದೇ ಮನೆ, ಆದರೆ ಒಲೆ ಎರಡು. ಹುಣಸೂರಿನಿಂದ ಪಿರಿಯಾಪಟ್ಟಣಕ್ಕೆ ಹೋಗುವ ರಸ್ತೆಯಿಂದ ಒಂದು ಕೂಗಳತೆ ಒಳಗಿನ ಊರು ನಮ್ಮದು. ಮನೆಯ ನಡುವಿನ ಅಡುಗೆಕೋಣೆಯ ದೊಡ್ಡ ಒಲೆ ದೊಡ್ಡಪ್ಪ ದೊಡ್ಡವ್ವನದು. ಹಿಂದುಗಡೆ ಕೊಟ್ಟಿಗೆಗೆ ಅಂಟಿಕೊಂಡ ಇಳಿಮಾಡಿನ ಕೆಳಗಿನ ಒಲೆ ನಮ್ಮದು. ನಾವು ಎಂದರೆ ಅಪ್ಪ, ಅವ್ವ, ಅಣ್ಣ, ಕೊನೆಯ ಮಗಳು ನಾನು. ಮಳೆಗಾಲದಲ್ಲಿ ಆ ಇಳಿಮಾಡು ಸೋರುತ್ತಿತ್ತು. ಅವ್ವ ತಲೆಯ ಮೇಲೆ ಮಳೆಗೆ ಹೊದೆಯುವ ಎಲೆಯ ಗೊರಗ ಹಾಕಿಕೊಂಡೇ ಹಿಟ್ಟು ತೊಳಸುತ್ತಿದ್ದಳು.

ಒಲೆ ಬೇರೆಯಾದದ್ದು ಒಂದು ಎಮ್ಮೆಯ ಗಿಣ್ಣಿನಿಂದ. ಕರು ಹಾಕಿದ ಎಮ್ಮೆಯ ಗಿಣ್ಣನ್ನು ದೊಡ್ಡವ್ವ ಪೂರ್ತಿ ತವರಿಗೆ ಕಳಿಸಿಬಿಟ್ಟಳು, ನಮ್ಮ ಮಕ್ಕಳ ಬಾಯಿಗೆ ಒಂದು ತೊಟ್ಟು ಬೀಳಲಿಲ್ಲ ಎಂದು ಅವ್ವ ಅಂದಳು. ದೊಡ್ಡವ್ವ ಇನ್ನೇನೋ ಅಂದಳು. ಗಿಣ್ಣು ಬರೀ ನೆಪ, ಒಳಗೆ ಕುದಿಯುತ್ತಿದ್ದುದು ಬೇರೆಯೇ ಇತ್ತು ಬಿಡಿ. ಗಂಡಸರು ಜಗುಲಿಯ ಮೇಲೆ ಕೂತು ಬಾಯಿಮಾತಿನಲ್ಲಿ ಪಾಲು ಮಾಡಿಕೊಂಡರು. ಕಾಲುವೆ ಕೆಳಗಿನ ಗದ್ದೆ ದೊಡ್ಡಪ್ಪನಿಗೆ, ದಿಣ್ಣೆ ಮೇಲಿನ ಕಲ್ಲುಹೊಲ ಅಪ್ಪನಿಗೆ. ದೊಡ್ಡಪ್ಪ ಹೇಳಿದ್ದಕ್ಕೆ ಅಪ್ಪ ಹೂಂ ಅಂದ. ಅಷ್ಟೇ. ಸರ್ಕಾರದ ಲೆಕ್ಕದಲ್ಲಿ ಮಾತ್ರ ಎಲ್ಲವೂ ಮೊದಲಿನಂತೆ ದೊಡ್ಡಪ್ಪನ ಹೆಸರಿನಲ್ಲೇ ಉಳಿಯಿತು, ಕಂದಾಯದ ರಸೀತಿಯೂ ಅವನ ಹೆಸರಿಗೇ ಬರುತ್ತಿತ್ತು. ಅದರಿಂದ ಏನು ಕೇಡಾದೀತು ಎಂದು ಯಾರಿಗೂ ಅನ್ನಿಸಲಿಲ್ಲ.

ಒಲೆ ಒಡೆದದ್ದು ಹೊರಗಿನವರಿಗೆ ತಿಳಿಯಬಾರದು ಎಂಬುದು ನಮ್ಮ ಕಡೆಯ ಪದ್ಧತಿ. ಮನೆ ಒಡೆದಿದೆ ಎಂದು ಗೊತ್ತಾದರೆ ಹೆಣ್ಣು ಕೊಡುವವರೂ ಹಿಂಜರಿಯುತ್ತಾರೆ, ತರುವವರೂ ಹಿಂಜರಿಯುತ್ತಾರೆ. ಆದ್ದರಿಂದ ನೆಂಟರು ಬಂದ ದಿನ ಮನೆಯಿಂದ ಎರಡು ಹೊಗೆ ಏಳುವ ಹಾಗಿಲ್ಲ. ಕಿರಿಯವಳು ತನ್ನ ಒಲೆಯ ಕೊಳ್ಳಿ ಎಳೆದು ಆರಿಸಿ, ಬೂದಿ ಬಳಿದು, ಸಗಣಿಯಿಂದ ಸಾರಿಸಿ, ರಂಗೋಲಿಯ ಎಳೆ ಎಳೆದು ಹಿರಿಯವಳ ಒಲೆಯ ಮುಂದೆ ಬಂದು ಕೂರಬೇಕು. ಅವ್ವನೂ ದೊಡ್ಡವ್ವನೂ ಹಾಗೆಯೇ ಮಾಡುತ್ತಿದ್ದರು. ಬಾಯಿ ಬಿಗಿದುಕೊಂಡು ಕೂಲಿಯವರ ಹಾಗೆ ಪಕ್ಕಪಕ್ಕ ಕೂತು ಬೇಯಿಸುವರು, ಬಡಿಸುವರು. ನೆಂಟರು ಗಾಡಿ ಹತ್ತಿದ ಮೇಲೆ ಅವರವರ ಮೂಲೆಗೆ ಹೋಗುವರು. ಹೀಗೆ ಮೂರು ವರ್ಷ ನಡೆಯಿತು.

ಅಣ್ಣ ಹುಣಸೂರಿನ ಹೈಸ್ಕೂಲಿನಲ್ಲಿ ಓದಿ ಪಾಸಾದ. ಬರೀ ಪಾಸಲ್ಲ, ಒಳ್ಳೆಯ ನಂಬರು ತೆಗೆದು ಪಾಸಾದ. ಊರಿನಲ್ಲಿ ಅಲ್ಲಿಯ ತನಕ ಯಾರೂ ಅಷ್ಟು ಓದಿರಲಿಲ್ಲ. ಮೈಸೂರಿಗೆ ಹೋಗಿ ಇಂಟರ್‌ಮೀಡಿಯೇಟ್ ಸೇರಬೇಕು ಎಂದು ಅವನ ಆಸೆ. ಅವನಿಗೆ ಲೆಕ್ಕ ಎಂದರೆ ಹುಚ್ಚು. ಹೊಲದ ಬದುವಿನ ಮೇಲೆ ಕೂತು ಕಡ್ಡಿಯಲ್ಲಿ ಮಣ್ಣಿನ ಮೇಲೆ ಏನೇನೋ ಬರೆದು ಅಳಿಸುತ್ತಿದ್ದ, ದನ ಪಕ್ಕದವರ ಹುರುಳಿ ಮೇಯುತ್ತಿದ್ದರೂ ಪ್ರಜ್ಞೆ ಇರುತ್ತಿರಲಿಲ್ಲ. ಆದರೆ ಕಾಲೇಜಿನ ಫೀಸಿಗೆ, ಹಾಸ್ಟೆಲಿನ ಊಟಕ್ಕೆ ಎಲ್ಲಿಂದ ತರುವುದು? ದಿಣ್ಣೆಯ ಹೊಲ ನಮ್ಮ ಹೊಟ್ಟೆಗೇ ಸಾಲದು. ಬಡ ವಿದ್ಯಾರ್ಥಿಗಳಿಗೆ ಸರ್ಕಾರ ಫೀಸು ಮಾಫಿ ಮಾಡಿ ಮೇಲಿಷ್ಟು ಸ್ಕಾಲರ್‌ಶಿಪ್ಪು ಕೊಡುತ್ತದೆ ಎಂದು ಹೈಸ್ಕೂಲಿನ ಮೇಷ್ಟರು ಹೇಳಿದರು. ಅದಕ್ಕೆ ತಾಲ್ಲೂಕಿನ ಅಮಲ್ದಾರರು ಈ ಮನೆಯವರು ಬಡವರು ಎಂದು ಸರ್ಟಿಫಿಕೇಟು ಕೊಡಬೇಕು. ಅಮಲ್ದಾರರು ಕೊಡಬೇಕಾದರೆ ಅವರ ಕೈಕೆಳಗಿನ ಹೋಬಳಿಯ ಶೇಕ್ದಾರರು ಊರಿಗೆ ಬಂದು, ಮನೆ ನೋಡಿ, ವಿಚಾರಣೆ ಮಾಡಿ ಬರೆಯಬೇಕು.

ಅಪ್ಪ ಅಣ್ಣನನ್ನು ಕರೆದುಕೊಂಡು ಶಾನುಭೋಗರ ಮನೆಗೆ ಹೋದ. ನಾನೂ ಹಿಂದೆ ಹೋಗಿದ್ದೆ. ಶಾನುಭೋಗರು ಮುದುಕರು, ಮಾತು ಒರಟು, ಮನಸ್ಸು ಒಳ್ಳೆಯದು.

“ನೋಡಯ್ಯ, ಲೆಕ್ಕದಲ್ಲಿ ನಿಮ್ಮದು ಒಟ್ಟು ಕುಟುಂಬ. ಗದ್ದೆ ಇರೋ ಕುಟುಂಬ. ಹಾಗೇ ಬರೆದರೆ ನೀನು ಬಡವ ಅಲ್ಲ, ಸಾಹುಕಾರ,” ಎಂದು ನಕ್ಕರು.

“ಗದ್ದೇಲಿ ಒಂದು ತೆನೇನೂ ನಮ್ಮಟ್ಟಿಗೆ ಬರಾಕಿಲ್ಲ ಬುದ್ಧಿ,” ಎಂದ ಅಪ್ಪ.

“ನನಗೆ ಗೊತ್ತು. ಶೇಕ್ದಾರರಿಗೆ ಗೊತ್ತಾಗೋದು ಹ್ಯಾಗೆ? ಅವರು ನೋಡೋದು ಒಲೆ. ಒಲೆ ಬೇರೆ ಇದ್ದರೆ ಸಂಸಾರ ಬೇರೆ, ವರಮಾನ ಬೇರೆ. ಅವರು ಬಂದಾಗ ನಿನ್ನ ಹೆಂಡತಿಯ ಒಲೆ ತೋರಿಸು, ಅದರ ಮೇಲೆ ಏನು ಬೇಯ್ತಾ ಇದೆಯೋ ಅದನ್ನ ತೋರಿಸು. ಏನೂ ಮುಚ್ಚಿಡಬೇಡ. ನಿನ್ನ ಅಣ್ಣನ ಕೈಲೂ ಬೇರೆ ಇದ್ದೀವಿ ಅಂತ ಒಂದು ಮಾತು ಹೇಳಿಸು. ಮಿಕ್ಕಿದ್ದು ನಾನು ನೋಡ್ಕೋತೀನಿ.”

ದೊಡ್ಡಪ್ಪನನ್ನು ಕೇಳಲು ಅಪ್ಪ ಹಿಂಜರಿದ. ಆದರೆ ದೊಡ್ಡಪ್ಪ ಒಂದೇ ಮಾತಿಗೆ ಒಪ್ಪಿಕೊಂಡ. “ಅದ್ಕೇನ್ಲಾ, ಏಳ್ತೀನಿ ಬುಡು. ಐದ ಓದಿ ಮುಂದಕ್ಕೆ ಬಂದ್ರೆ ನಮ್ ವಂಸಕ್ಕೇ ಎಸ್ರು,” ಎಂದ. ಅವನು ಕೆಟ್ಟವನಲ್ಲ. ಈ ಕಥೆಯಲ್ಲಿ ಕೆಟ್ಟವರು ಯಾರಾದರೂ ಇದ್ದಿದ್ದರೆ ನನಗೆ ಎಷ್ಟೋ ಸಮಾಧಾನವಾಗುತ್ತಿತ್ತು. ಬಯ್ದುಕೊಂಡು ಬದುಕಬಹುದಿತ್ತು.

ಅಣ್ಣ ಅವ್ವನಿಗೆ ಪಾಠ ಹೇಳಿದ ಹಾಗೆ ಹೇಳಿಕೊಟ್ಟ. “ಅವ್ವ, ಶೇಕ್ದಾರರು ಬಂದಾಗ ಒಲೆ ಉರೀತಿರ್ಲಿ. ರಾಗಿ ಅಂಬಲಿ ಇದ್ರೆ ಅದ್ನೇ ತೋರ್ಸು. ನಾಚ್ಕೋಬ್ಯಾಡ.” ಅವ್ವ, “ಇರಾದ್ನ ತೋರ್ಸಕ್ಕೆ ನಾಚ್ಕೆ ಯಾಕ್ಲಾ ಮಗಾ? ನಾನೇನ್ ಕದ್ದಿದೀನಾ?” ಎಂದಳು. ಎಲ್ಲವೂ ಗಟ್ಟಿಯಾಗಿತ್ತು. ನಮ್ಮ ಲೆಕ್ಕದಲ್ಲಿ ಒಂದು ಸಂಗತಿ ಮಾತ್ರ ಬಿಟ್ಟುಹೋಗಿತ್ತು. ಅಲ್ಲಿಯ ತನಕ ಬಂದ ಸರ್ಕಾರದವರು ಯಾರೂ ನಮ್ಮ ಹೊಸಿಲು ದಾಟಿ ಉಂಡವರಲ್ಲ. ಅವರ ಮಡಿ ಅವರಿಗೆ. ಜಗುಲಿಯ ಮೇಲೆ ಕೂತು, ಎಳನೀರು ಕುಡಿದು, ಬರೆದುಕೊಂಡು ಎದ್ದು ಹೋಗುವರು. ಬಂದವರನ್ನು ಉಣ್ಣಲು ಕೂರಿಸಬೇಕಾದೀತು ಎಂದು ಯಾರ ತಲೆಗೂ ಹೊಳೆಯಲಿಲ್ಲ.

ಆ ವರ್ಷ ಬಂದ ಶೇಕ್ದಾರರು ಹೊಸಬರು, ಚಿಕ್ಕ ವಯಸ್ಸಿನವರು. ಅವರೂ ನಮ್ಮ ಜನವೇ. ಹೆಗ್ಗಡದೇವನಕೋಟೆ ಕಡೆಯ ಒಕ್ಕಲು ಮನೆಯಿಂದ ಓದಿ ಬಂದು ಕೆಲಸ ಹಿಡಿದವರು. ಒಂದು ಮಧ್ಯಾಹ್ನದ ಹೊತ್ತಿಗೆ ಹೇಳದೆ ಕೇಳದೆ ಸೈಕಲ್ ತಳ್ಳಿಕೊಂಡು ಶಾನುಭೋಗರ ಜೊತೆ ಬಂದರು. ಕೋಟು, ತಲೆಗೆ ಪೇಟ, ಮೈಯೆಲ್ಲ ಧೂಳು. ಜಗುಲಿಯ ಮೇಲೆ ಕೂತವರೇ ಮಾತಿಗೆ ಮಾತು ಬಂದು ದೊಡ್ಡವ್ವನ ತವರು ತಮ್ಮ ಊರಿನ ಪಕ್ಕದ ಊರೇ ಎಂದು ತಿಳಿದು ಹಿಗ್ಗಿದರು. “ಹಾಗಾದರೆ ನಾನು ಇಲ್ಲೇ ಊಟ ಮಾಡ್ಕೊಂಡು ಹೋಗ್ತೀನಿ ಕಣ್ರೀ. ತಿಂಗಳಾಯ್ತು ಮುದ್ದೆ ಮುರಿದು,” ಎಂದರು. ಶಾನುಭೋಗರು ತಮ್ಮ ಊಟ ಮುಗಿಸಿ ಬರುತ್ತೇನೆಂದು ಮನೆಗೆ ಹೋದರು. ಅವರೊಬ್ಬರು ಅಲ್ಲಿ ಇದ್ದಿದ್ದರೆ ಎಂದು ನಾನು ಎಷ್ಟು ಸಲ ಅಂದುಕೊಂಡಿದ್ದೇನೋ ದೇವರಿಗೇ ಗೊತ್ತು.

ಸರ್ಕಾರದ ಅಧಿಕಾರಿ ನಮ್ಮ ಮನೆಯಲ್ಲಿ ಉಣ್ಣುತ್ತಾರೆ! ಒಳಗೆ ಹಬ್ಬದ ಗಡಿಬಿಡಿ ಎದ್ದಿತು. ದೊಡ್ಡವ್ವ ಹುಂಜ ಹಿಡಿಸಿದಳು. ಆಮೇಲೆ ಹಿಂದಿನ ಬಾಗಿಲಿಗೆ ಬಂದು ನಿಂತು, ಮೂರು ವರ್ಷದಿಂದ ತುಟಿ ಬಿಚ್ಚದವಳು ಕೂಗಿದಳು:

“ತಂಗಿ, ಬಾರವ್ವ. ನಿನ್ ಕೈ ಕಾರಾನೇ ಆಗ್ಬೇಕು. ನಾನು ಅರೆದ್ರೆ ಸಾಯೇಬ್ರು ಮೂಗ್ ಮುರ್ದಾರು.”

ಅವ್ವ ಅಂಬಲಿ ಕುದಿಸುತ್ತಿದ್ದಳು. ಕೈಯಲ್ಲಿ ಕೋಲು ಹಿಡಿದವಳು ಹಾಗೇ ನಿಂತಳು. ಕಣ್ಣಿನಲ್ಲಿ ನೀರು ಬಂತು. “ಬಂದೆ ಕಣಕ್ಕ,” ಎಂದಳು. ಅಂಬಲಿಯ ಗಡಿಗೆ ಇಳಿಸಿ ಮೂಲೆಗೆ ತಳ್ಳಿದಳು. ಕೊಳ್ಳಿ ಎಳೆದು ನೀರು ಚಿಮುಕಿಸಿದಳು. ಕೆಂಡವನ್ನು ಒಂದು ಮಡಕೆಯ ಓಡಿನಲ್ಲಿ ತುಂಬಿ, “ಓಗು, ದೊಡ್ಡವ್ವನ ಒಲೇಗಾಕು,” ಎಂದು ನನ್ನ ಕೈಗೆ ಕೊಟ್ಟಳು. ನಾನು ತಿರುಗಿ ಬರುವಷ್ಟರಲ್ಲಿ ಒಲೆ ಸಾರಿಸಿ ಆಗಿತ್ತು, ರಂಗೋಲಿ ಬಿದ್ದಿತ್ತು. ಅವಳು ಏನನ್ನೂ ಯೋಚಿಸಲಿಲ್ಲ. ನೆಂಟರು ಬಂದರೆ ಕೈ ಏನು ಮಾಡಿ ರೂಢಿಯಾಗಿತ್ತೋ ಅದನ್ನು ಕೈ ಮಾಡಿತು.

ಇಬ್ಬರೂ ಒಂದೇ ಒರಳಿನ ಮುಂದೆ ಕೂತರು. ಒಬ್ಬಳು ಅರೆದಳು, ಒಬ್ಬಳು ತೆಂಗಿನಕಾಯಿ ತುರಿದಳು. ದೊಡ್ಡವ್ವ ಗಿಣ್ಣಿನ ಮಾತು ತಾನೇ ಎತ್ತಿದಳು. “ಆಳಾದ್ ಗಿಣ್ಣು ಕಣೆ, ನಮ್ಮವ್ವಂಗೂ ಅದು ದಕ್ಕಲಿಲ್ಲ, ದಾರೀಲೆ ಒಡ್ದೋಗಿತ್ತು,” ಎಂದಳು. ಅವ್ವ ನಕ್ಕಳು. ದೊಡ್ಡವ್ವನೂ ನಕ್ಕಳು. ಆಮೇಲೆ ಇಬ್ಬರಿಗೂ ನಗು ತಡೆಯಲಾಗದೆ ಹುಂಜದ ಸಾರಿಗೆ ಉಪ್ಪು ಹಾಕಿದರೋ ಇಲ್ಲವೋ ಮರೆತು ಎರಡು ಸಲ ರುಚಿ ನೋಡಿದರು. ನಾನು ಹುಣಸೆಹಣ್ಣು ಕಿವುಚುತ್ತಾ ಕೂತು ಆ ಕಡೆ ಈ ಕಡೆ ನೋಡುತ್ತಿದ್ದೆ. ಮನೆ ಮನೆಯಾಗಿತ್ತು. ಅಯ್ಯೋ, ಎಂಥ ಸಂತೋಷದ ದಿನ ಅದು.

ಗಂಡಸರು ಸಾಲಾಗಿ ಕೂತರು. ಶೇಕ್ದಾರರು, ದೊಡ್ಡಪ್ಪ, ಅಪ್ಪ, ಅಣ್ಣ. ಮುದ್ದೆ, ಹುಂಜದ ಸಾರು, ಮೇಲೆ ಗದ್ದೆಯ ಅಕ್ಕಿಯ ಅನ್ನ, ಗಟ್ಟಿ ಮೊಸರು. ಅವ್ವ ಸಾರು ಹಾಕಿದರೆ ದೊಡ್ಡವ್ವ ಅನ್ನ ಹಾಕುವಳು. ಶೇಕ್ದಾರರು ಬೆವರು ಒರೆಸಿಕೊಂಡು ಉಂಡರು. ನಮ್ಮ ಅಪ್ಪ ಅನ್ನ ಕಂಡು ಎಷ್ಟು ಕಾಲವಾಗಿತ್ತೋ, ಅವನೂ ಚೆನ್ನಾಗಿಯೇ ಉಂಡ. ಹಸಿದವನಿಗೆ ಏನು ಹೇಳೋಣ?

ಕೈ ತೊಳೆದು ಎಲೆ ಅಡಿಕೆ ಹಾಕಿಕೊಂಡ ಮೇಲೆ ಶೇಕ್ದಾರರು ವಿಚಾರಣೆಗೆ ಕೂತರು. ದೊಡ್ಡಪ್ಪನನ್ನು ಕೇಳಿದರು. ದೊಡ್ಡಪ್ಪ ಮಾತಿಗೆ ತಪ್ಪಲಿಲ್ಲ. “ಬ್ಯಾರೆ ಅವ್ರೆ ಸ್ವಾಮಿ. ನಂದು ನಂಗೆ, ಅವಂದು ಅವಂಗೆ,” ಎಂದ.

“ಒಲೆ?”

“ಅದೂ ಬ್ಯಾರೆ. ಇಂದ್ಗಡೆ ಐತೆ. ಬನ್ನಿ, ತೋರುಸ್ತೀನಿ.” ಇದು ಅಪ್ಪ. ಲಗುಬಗೆಯಿಂದ ಎದ್ದು ಮುಂದೆ ನಡೆದ. ಅವನಿಗೆ ಏನೂ ಗೊತ್ತಿರಲಿಲ್ಲ.

ಇಳಿಮಾಡಿನ ಕೆಳಗೆ ಒಲೆ ತಣ್ಣಗೆ, ಹಸಿರು ಹಸಿರಾಗಿ, ಮೇಲೆ ಬಿಳಿ ರಂಗೋಲಿ ಹೊತ್ತು ಕೂತಿತ್ತು. ಒಂದು ಚಿಟಿಕೆ ಬೂದಿ ಇರಲಿಲ್ಲ. ಅಪ್ಪ ಒಲೆಯನ್ನು ನೋಡಿದ, ಅವ್ವನ ಮುಖ ನೋಡಿದ. ಅವ್ವನ ಕೈಯಲ್ಲಿದ್ದ ತಟ್ಟೆ ಕೆಳಗೆ ಬಿತ್ತು.

“ಇಲ್ಲಿ ಯಾರು ಬೇಯಿಸ್ತಾರೆ?” ಎಂದು ಶೇಕ್ದಾರರು ಕೇಳಿದರು.

“ನಾನೇ ಬುದ್ಧಿ. ದಿನಾ ಇಲ್ಲೇ. ಇವತ್ತು ನೀವು ಬಂದ್ರಿ ಅಂತ ಆರ್ಸಿ ಸಾರ್ಸಿವ್ನಿ,” ಎಂದಳು ಅವ್ವ.

“ನಾನು ಬರ್ತೀನಿ ಅಂತ ಒಲೆ ಹಚ್ಚೋರನ್ನ ನೋಡಿದೀನಿ, ತಾಯಿ. ಹಿಂದಿನ ದಿನ ಮೂರು ಕಲ್ಲಿಟ್ಟು ಇದೇ ನಮ್ಮ ಒಲೆ ಅಂತ ತೋರಿಸೋರು ಬೇಕಾದಷ್ಟು ಜನ ಇದ್ದಾರೆ. ಆರಿಸೋರನ್ನ ನೋಡಿಲ್ಲ.” ಅವರು ಬಯ್ಯಲಿಲ್ಲ, ನಕ್ಕರು. ಅಪ್ಪ ಅಂಬಲಿಯ ಗಡಿಗೆ ಎಳೆದು ತೋರಿಸಿದ. ಅದನ್ನು ದನದ ಕಲಗಚ್ಚು ಅಂದುಕೊಂಡರೋ ಏನೋ, ಬಗ್ಗಿ ಸಹ ನೋಡಲಿಲ್ಲ. “ಇಬ್ಬರು ಅಕ್ಕತಂಗಿಯರ ಹಾಗೆ ನಗ್ತಾ ಬಡಿಸಿದ್ದನ್ನ ನಾನೇ ಕಣ್ಣಾರೆ ಕಂಡೆ. ಇಂಥ ಒಟ್ಟು ಮನೆ ಈಗ ಎಲ್ಲಿದೆ? ಸ್ಕಾಲರ್‌ಶಿಪ್ಪಿನ ಆಸೆಗೆ ಬಾಯಲ್ಲೂ ಮನೆ ಒಡೀಬೇಡಿ ಕಣ್ರೀ. ನಮ್ಮ ಜನ ಹಾಳಾಗಿರೋದೇ ಅದರಿಂದ,” ಎಂದು ದೊಡ್ಡಪ್ಪನಿಗೆ ಬುದ್ಧಿ ಹೇಳಿ, ಅಣ್ಣನ ಬೆನ್ನು ತಟ್ಟಿ, ಚೆನ್ನಾಗಿ ಓದಪ್ಪ ಎಂದು ಹರಸಿ ಸೈಕಲ್ ಹತ್ತಿದರು. ಶಾನುಭೋಗರು ಬಂದಾಗ ಸೈಕಲ್ಲಿನ ಧೂಳೂ ಅಡಗಿಹೋಗಿತ್ತು. ಅವರು ಹಿಂದೆಯೇ ಹೋಬಳಿಗೆ ಹೋಗಿ ನಿಜ ಸಂಗತಿ ಹೇಳಿದರಂತೆ. ಕಂಡದ್ದನ್ನು ಬರೆದಿದ್ದೇನೆ, ಕಾಣದ್ದನ್ನು ಬರೆಯಲಾರೆ ಎಂದು ಶೇಕ್ದಾರರು ಅಂದರಂತೆ.

ಶೇಕ್ದಾರರು ಬೇರೆ ಜಾತಿಯವರಾಗಿದ್ದರೆ ಜಗುಲಿ ದಾಟಿ ಒಳಗೆ ಬರುತ್ತಿರಲಿಲ್ಲ, ಉಣ್ಣುತ್ತಿರಲಿಲ್ಲ. ನಮ್ಮ ಒಲೆ ಉರಿಯುತ್ತಿತ್ತು. ನಮ್ಮವರೇ ಬಂದರು, ನಮ್ಮ ಬಾಯಿಗೆ ಮಣ್ಣು ಬಿತ್ತು. ನನಗೆ ಈಗಲೂ ಮೈ ಉರಿಯುತ್ತದೆ, ಯಾರ ಮೇಲೆ ಎಂದು ಮಾತ್ರ ಗೊತ್ತಾಗುವುದಿಲ್ಲ.

ಕಾಗದ ಬಂತು. ವಿದ್ಯಾರ್ಥಿಯದು ಅವಿಭಕ್ತ ಕುಟುಂಬ, ನೀರಾವರಿ ಭೂಮಿ ಉಂಟು, ಅನುಕೂಲಸ್ಥರು, ಸಹಾಯಕ್ಕೆ ಅರ್ಹರಲ್ಲ ಎಂದು. ಅಪ್ಪ ಅಣ್ಣ ಇಬ್ಬರೂ ನಡೆದುಕೊಂಡೇ ಹುಣಸೂರಿಗೆ ಹೋಗಿ ಅಮಲ್ದಾರರ ಕಚೇರಿಯ ಮುಂದೆ ನಿಂತರು. ಸಂಜೆಗೆ ಕರೆಸಿ, ಪಾಲುಪತ್ರ ಬರೆಸಿ ರಿಜಿಸ್ಟರ್ ಮಾಡಿಸಿಕೊಂಡು ಬನ್ನಿ, ಆಮೇಲೆ ನೋಡೋಣ ಎಂದರಂತೆ ಅಮಲ್ದಾರರು.

ಅಪ್ಪ ದೊಡ್ಡಪ್ಪನ ಮುಂದೆ ಕೂತ. ಪಾಲುಪತ್ರದ ಮಾತು ಕೇಳಿ ದೊಡ್ಡಪ್ಪ ತಲೆ ಅಲ್ಲಾಡಿಸಿದ.

“ಬಾಯಲ್ಲಿ ಏನ್ ಬೇಕಾದ್ರೂ ಅಂತೀನಿ ಕಣ್ಲಾ. ಎಬ್ಬೆಟ್ಟು ಒತ್ತು ಅನ್ಬ್ಯಾಡ. ಪತ್ರದ ಮ್ಯಾಲೆ ಪಾಲು ಅಂದ್ರೆ ಗದ್ದೇಲಿ ಅರ್ಧ ನಿಂದು ಆಯ್ತದೆ. ನಂಗೂ ಮಕ್ಳವ್ರೆ.”

“ನಂಗೆ ಗದ್ದೆ ಬ್ಯಾಡಣ್ಣ. ಬ್ಯಾಡ ಅಂತ್ಲೇ ಬರ್ಸು.”

“ಇವತ್ತು ಬ್ಯಾಡ ಅಂತೀಯೆ. ನಾಳೆ ನಿನ್ ಮಗ ಓದ್ದೋನು, ಲಾ ಪಾಯಿಂಟ್ ಆಕಿ ಕೇಳ್ತಾನೆ.”

ಹುಣಸೂರಿನ ವಕೀಲರೊಬ್ಬರು ದಾವಾ ಹೂಡಿ, ಅರ್ಧ ಗದ್ದೆ ಬಂದೇ ಬರುತ್ತದೆ ಎಂದರು. ಅಪ್ಪ ಕೈ ಮುಗಿದು ಎದ್ದು ಬಂದ. “ಒಂದೇ ಒಟ್ಟೇಲಿ ಉಟ್ಟೋನ ಮ್ಯಾಲೆ ಕಟಕಟೆ ಅತ್ತಾದಾ?” ಎಂದ. ಹಾಗೆ ಹಿಡಿದರೆ ಸರ್ಕಾರ ಬರೆದದ್ದು ಸುಳ್ಳಲ್ಲ. ಕಾನೂನಿನ ಪ್ರಕಾರ ಅರ್ಧ ಗದ್ದೆ ನಮ್ಮದು, ನಾವು ಅನುಕೂಲಸ್ಥರು. ಆ ಗದ್ದೆಯ ಭತ್ತ ಮಾತ್ರ ನಮ್ಮ ಕಣ್ಣೆದುರಿಗೇ ಬೇರೆ ಕಣಜಕ್ಕೆ ಹೋಗುತ್ತಿತ್ತು. ನಾವು ಬಡವರು ಎಂದು ಊರಿಗೆಲ್ಲ ಗೊತ್ತು, ಹಾಗೆಂದು ಬರೆಯಲು ಯಾರ ಕೈಯಲ್ಲೂ ಅಧಿಕಾರವಿಲ್ಲ. ಅಷ್ಟರಲ್ಲಿ ಕಾಲೇಜು ಸೇರುವ ಕಾಲ ಮುಗಿಯಿತು. ಮುಂದಿನ ವರ್ಷ ಅಣ್ಣ ಮತ್ತೆ ಅರ್ಜಿ ಬರೆದ. ಹಳೆಯ ವರದಿಯನ್ನೇ ಲಗತ್ತಿಸಿ ಹಿಂದಕ್ಕೆ ಕಳಿಸಿದರು. ದೊಡ್ಡವ್ವನೂ ಅವ್ವನೂ ಮತ್ತೆ ಮಾತು ಬಿಟ್ಟರು. ಈ ಸಲ ಜಗಳವಾಗಲಿಲ್ಲ, ಮುಖ ನೋಡಲು ಆಗುತ್ತಿರಲಿಲ್ಲ ಅಷ್ಟೇ.

ಅಣ್ಣ ಯಾರಿಗೂ ಏನೂ ಅನ್ನಲಿಲ್ಲ. ಅದೇ ಅವ್ವನನ್ನು ಕೊರೆಯಿತು. ಹಾಕಿದ್ದನ್ನು ಉಣ್ಣುವನು, ಹೇಳಿದ ಕೆಲಸ ಮಾಡುವನು. ಅವ್ವ ಎದೆ ಎದೆ ಹೊಡೆದುಕೊಂಡು ಅತ್ತರೂ “ಬುಡವ್ವ” ಎಂದು ಎದ್ದು ಹೋಗುವನು. ಕೊನೆಗೆ ಕೊಡಗಿನ ಒಂದು ಕಾಫಿ ತೋಟದಲ್ಲಿ ರೈಟರ್ ಕೆಲಸ ಸಿಕ್ಕಿತು. ಆಳುಗಳ ಹಾಜರಿ ಬರೆಯುವ ಕೆಲಸ. ಅಲ್ಲಿ ಚಳಿಜ್ವರ ಹೆಚ್ಚು, ನಮ್ಮ ಕಡೆಯಿಂದ ಹೋದವರಲ್ಲಿ ಗಟ್ಟಿಯಾಗಿ ತಿರುಗಿ ಬಂದವರು ಕಡಿಮೆ. ಅವನು ಕೇಳಲಿಲ್ಲ.

ರಸ್ತೆಗೆ ಬಂದು ಮೋಟಾರಿಗೆ ಕಾಯುತ್ತಾ ನಿಂತಿದ್ದೆವು. ಅಪ್ಪ ಗಂಟು ಹಿಡಿದು ದೂರ ನಿಂತಿದ್ದ. ಅವ್ವ ಅಣ್ಣನ ಎರಡೂ ಕೈ ಹಿಡಿದುಕೊಂಡು ಬಿಡಲೇ ಇಲ್ಲ.

“ಒಂದ್ ಸಲ ಬಯ್ಯಪ್ಪ ನನ್ನ. ನಿನ್ ಕೈಯಾರೆ ನನ್ ಓದು ಆರಿಸ್ದೆ ಅನ್ನು. ಎರಡು ಏಟು ಒಡಿ. ಇಂಗೆ ಸುಮ್ಕೆ ಓಗ್ಬ್ಯಾಡ ಕಣೋ.”

ಅಣ್ಣ ಅವಳನ್ನು ನೋಡಿದ. ಎರಡು ವರ್ಷದಲ್ಲಿ ಮೊದಲ ಸಲ ಅವನ ಮುಖ ಸಡಿಲವಾಯಿತು. ಅವ್ವನಿಗೆ ಸಮಾಧಾನವಾಗಲಿ ಎಂದೇ ಹೇಳಿದ, ಆ ದೇವರಾಣೆಗೂ ಅವನ ಮನಸ್ಸಿನಲ್ಲಿ ಬೇರೆ ಏನೂ ಇರಲಿಲ್ಲ.

“ನಿಂದೇನ್ ತಪ್ಪವ್ವ? ಅವತ್ತು ನೀರಿಗೆ ಅಂತ ಒಳಕ್ ಬಂದೆ. ಒಲೆ ಆರೋಗಿತ್ತು, ಕಂಡೆ. ಒಂದ್ ಮಾತು ಅಂದಿದ್ರೆ ತಿರ್ಗಾ ಹಚ್ತಿದ್ದೆ ನೀನು. ಒತ್ತು ಬೇಕಾದಷ್ಟಿತ್ತು. ಆದ್ರೆ ನೀನು ಅಲ್ಲಿ ಒರಳ ಮುಂದೆ ಕೂತ್ಕಂಡು ನಗ್ತಿದ್ದೆ ಕಣವ್ವ. ನೀನು ಅಂಗೆ ನಕ್ಕಿದ್ದು ನಾನು ಎಂದೂ ನೋಡಿರ್ನಿಲ್ಲ. ಎಬ್ಬುಸಾಕೆ ಮನಸ್ ಬರ್ನಿಲ್ಲ.”

ಮೋಟಾರು ಬಂತು, ಅವನು ಹತ್ತಿದ. ಅವ್ವ ಕೈ ಬೀಸಲಿಲ್ಲ. ರಸ್ತೆಯ ಪಕ್ಕದ ಮೈಲಿಗಲ್ಲಿನ ಮೇಲೆ ಕೂತುಬಿಟ್ಟಳು. ಅಪ್ಪ ಎಷ್ಟು ಕರೆದರೂ ಏಳಲಿಲ್ಲ.

ಅಣ್ಣ ಆ ತೋಟದಲ್ಲೇ ಹಾಜರಿ ಬರೆಯುತ್ತಾ ಉಳಿದ. ಜ್ವರ ಬಂದಾಗ ಊರಿಗೆ ಬಂದು ಮಲಗಿ, ಇಳಿದ ಮೇಲೆ ಹೋಗುವನು. ನನ್ನ ಮದುವೆಗೆ ಅವನಿಗೆ ರಜೆ ಸಿಗಲಿಲ್ಲ. ಎಣ್ಣೆ ಶಾಸ್ತ್ರದ ದಿನ ನಮ್ಮ ಕಡೆಯ ಹೆಂಗಸರು ಮದುಮಗನ ಮೂಗಿನ ಮೇಲೆ ಏನೋ ತಮಾಷೆ ಕಟ್ಟಿ ಹಾಡಿದರು. ಚಪ್ಪರದ ತುಂಬಾ ನಗು ಎದ್ದಿತು. ದೊಡ್ಡವ್ವ ನಕ್ಕಳು, ನಾನೂ ನಕ್ಕೆ. ನನ್ನ ಪಕ್ಕದಲ್ಲಿದ್ದ ಅವ್ವನ ತುಟಿಯೂ ಬಿಚ್ಚಿತು. ಒಡನೆಯೇ ಸೆರಗನ್ನು ಬಾಯಿಗೆ ಒತ್ತಿ ಹಿಡಿದು, ಮದುವಣಗಿತ್ತಿಯ ತಾಯಿ ಏಳಬಾರದು ಎಂದು ಎಲ್ಲರೂ ಕೂಗುತ್ತಿದ್ದರೂ ಎದ್ದು ಒಳಗೆ ಹೋದಳು.